500 ಪೌಂಡ್ ಸಾಲ, ನಾಲ್ಕು ಹಾಡು

ಕಪ್ಪು ಟೀ ಶರ್ಟಿನ ಎದೆಯ ಮೇಲೆ ಬಿಳಿ ಗೆರೆಗಳು ಗುಡ್ಡಸಾಲಿನ ಹಾಗೆ ಒಂದರ ಹಿಂದೊಂದು ಎದ್ದಿರುವುದನ್ನು ನೀವೂ ಎಲ್ಲಾದರೂ ನೋಡಿರಬಹುದು. ನಮ್ಮಲ್ಲೊಬ್ಬ ಹಾಸ್ಟೆಲ್‌ನಲ್ಲಿದ್ದಾಗ ಅಂಥದ್ದೊಂದನ್ನು ಸಂತೆಯಲ್ಲಿ ಕೊಂಡು ತಂದಿದ್ದ. ಅದು ಏನು ಚಿತ್ರ ಎಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ. ಹುಡುಕಿದಾಗ ತಿಳಿಯಿತು, ಅದು ಗುಡ್ಡವಲ್ಲ, ನಕ್ಷತ್ರ. 1967ರಲ್ಲಿ ಕೇಂಬ್ರಿಜ್‌ನ ವಿದ್ಯಾರ್ಥಿನಿ ಜೋಸೆಲಿನ್ ಬೆಲ್ ಪತ್ತೆ ಹಚ್ಚಿದ ಪಲ್ಸಾರ್ ಎಂಬ ನಕ್ಷತ್ರದಿಂದ ಬರುವ ರೇಡಿಯೊ ಅಲೆಗಳ ಚಿತ್ರ. 1979ರಲ್ಲಿ ಇಂಗ್ಲೆಂಡಿನ ಜಾಯ್ ಡಿವಿಷನ್ ಎಂಬ ತಂಡ ತನ್ನ ಮೊದಲ ಆಲ್ಬಮ್ 'ಅನ್‌ನೋನ್ ಪ್ಲೆಷರ್ಸ್'ನ ಕವರಿಗೆ ಅದನ್ನು ಹಾಕಿಕೊಂಡಿತು. ಬಟ್ಟೆಯ ಗುಟ್ಟು ಹುಡುಕಲು ಹೋದ ನಾವು ಆ ಹಾಡುಗಳ ಹುಚ್ಚಿಗೆ ಬಿದ್ದೆವು. ಇವತ್ತಿಗೂ ಬಿಟ್ಟಿಲ್ಲ.

ಈ ತಂಡ ಬೆಳೆದದ್ದು ಮ್ಯಾಂಚೆಸ್ಟರ್‌ನಲ್ಲಿ. ಆ ಊರಿನ ಹೆಸರು ಧಾರವಾಡ, ಗದಗ ಸೀಮೆಗೆ ಹೊಸದೇನಲ್ಲ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದಾಗಿ ಅಲ್ಲಿನ ಹತ್ತಿ ಬರುವುದು ನಿಂತಾಗ, ಮ್ಯಾಂಚೆಸ್ಟರ್ ವ್ಯಾಪಾರಿಗಳು ನಮ್ಮ ಎರೆಹೊಲಗಳ ಕಡೆ ಕಣ್ಣು ಹಾಕಿದ್ದರು. ಹತ್ತಿ ಸಾಗಿಸಲು ಕಾರವಾರದ ಬಂದರನ್ನು ಬೆಳೆಸಿ ಎಂದು ಸರ್ಕಾರದ ಮೇಲೆ ಒತ್ತಡವನ್ನೂ ತಂದಿದ್ದರು. ನೂರು ವರ್ಷ ಕಳೆಯುವುದರೊಳಗೆ ಆ ಗಿರಣಿಗಳಲ್ಲಿ ಬಹುಪಾಲು ಮುಚ್ಚಿದವು. 1970ರ ದಶಕದ ಮ್ಯಾಂಚೆಸ್ಟರ್ ಎಂದರೆ ಪಾಳುಬಿದ್ದ ಕಟ್ಟಡಗಳು, ಕೆಲಸ ಹುಡುಕುವ ಹುಡುಗರು. ದೊಡ್ಡ ರೆಕಾರ್ಡ್ ಕಂಪನಿಗಳು, ಸಂಗೀತದ ಪತ್ರಿಕೆಗಳು ಎಲ್ಲಾ ಲಂಡನ್ನಿನಲ್ಲಿ. ಹಾಡಬೇಕೆಂದರೆ ಅಲ್ಲಿಗೇ ಹೋಗಬೇಕು.

ಪಕ್ಕದ ಬೋಲ್ಟನ್‌ನಲ್ಲಿ ಓದುತ್ತಿದ್ದ ಪೀಟ್ ಶೆಲ್ಲಿ, ಹೋವರ್ಡ್ ಡಿವೋಟೊ ಎಂಬ ಇಬ್ಬರು ಪತ್ರಿಕೆಯೊಂದರಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ಹೊಸ ಪಂಕ್ ತಂಡದ ಬಗ್ಗೆ ಓದಿದರು. ಹೋಗಿ ನೋಡಿ ಬಂದರು. ಆಮೇಲೆ ಆ ತಂಡವನ್ನೇ ತಮ್ಮ ಊರಿಗೆ ಕರೆಸಿದರು. 1976ರ ಜೂನ್ 4ರಂದು ಲೆಸರ್ ಫ್ರೀ ಟ್ರೇಡ್ ಹಾಲ್‌ನಲ್ಲಿ ಕಾರ್ಯಕ್ರಮ. ಟಿಕೆಟ್ 50 ಪೆನ್ಸ್. ಬಂದವರು ನಲವತ್ತರ ಆಸುಪಾಸು ಎನ್ನುತ್ತಾರೆ. ಅಲ್ಲಿದ್ದೆವು ಎಂದು ಮುಂದೆ ಹೇಳಿಕೊಂಡವರನ್ನೆಲ್ಲ ಲೆಕ್ಕ ಹಾಕಿದರೆ ಆ ಹಾಲ್ ಸಾಲುವುದಿಲ್ಲ, ಆ ಮಾತು ಬೇರೆ. ನಿಜವಾಗಿ ಇದ್ದವರಲ್ಲಿ ಬರ್ನಾರ್ಡ್ ಸಮ್ನರ್, ಪೀಟರ್ ಹುಕ್ ಎಂಬ ಶಾಲಾ ಗೆಳೆಯರಿಬ್ಬರು. ವೇದಿಕೆಯ ಮೇಲಿನವರಿಗೆ ಸರಿಯಾಗಿ ನುಡಿಸಲು ಬರುವುದಿಲ್ಲ, ಆದರೂ ನುಡಿಸುತ್ತಿದ್ದಾರಲ್ಲ ಅನ್ನಿಸಿತು. ಮರುದಿನವೇ ಹುಕ್ ಒಂದು ಬೇಸ್ ಗಿಟಾರ್ ಕೊಂಡ. ಜಾಯ್ ಡಿವಿಷನ್‌ಗೆ ಬೀಜ ಬಿದ್ದದ್ದು ಅಲ್ಲಿ.

ಕಾರ್ಯಕ್ರಮ ಏರ್ಪಡಿಸಿದ್ದ ಇಬ್ಬರು ಸುಮ್ಮನೆ ಕೂರಲಿಲ್ಲ. ನಮಗೆ ಈ ಇಡೀ ಕಥೆಯಲ್ಲಿ ಹೆಚ್ಚು ಇಷ್ಟವಾದದ್ದು ಇವರ ಕೆಲಸವೇ. ಬಜ್‌ಕಾಕ್ಸ್ ಎಂಬ ತಮ್ಮ ತಂಡಕ್ಕಾಗಿ ಮನೆಯವರು, ಗೆಳೆಯರ ಹತ್ತಿರ 500 ಪೌಂಡ್ ಸಾಲ ಎತ್ತಿದರು. ಡಿಸೆಂಬರ್ 28ರಂದು ಒಂದೇ ದಿನ ಸ್ಟುಡಿಯೊದಲ್ಲಿ ಕುಳಿತು ನಾಲ್ಕು ಹಾಡು ಮುದ್ರಿಸಿದರು. 1977ರ ಜನವರಿಯಲ್ಲಿ 'ಸ್ಪೈರಲ್ ಸ್ಕ್ರ್ಯಾಚ್' ಹೊರಬಂತು. ಕಂಪನಿಯೂ ಅವರದ್ದೇ. ಕವರಿನ ಫೋಟೊ, ಊರ ನಡುವಿನ ಪ್ರತಿಮೆಯ ಕೆಳಗೆ ನಿಂತು ಪೋಲರಾಯ್ಡ್ ಕ್ಯಾಮೆರಾದಲ್ಲಿ ತೆಗೆದದ್ದು. ಹಾಕಿಸಿದ್ದು 1,000 ಪ್ರತಿ, ಬೇಡಿಕೆ ಬಂದಂತೆ ಮತ್ತೆ ಮತ್ತೆ ಹಾಕಿಸಿ 16,000 ಮಾರಿದರು. ಯಾವ ಹಾಡನ್ನು ಎಷ್ಟನೇ ಸಲಕ್ಕೆ ಒಪ್ಪಿದೆವು ಎಂಬುದನ್ನೂ ಕವರಿನ ಮೇಲೆ ಬರೆದಿದ್ದರು. ಅಡುಗೆ ಬಡಿಸಿ, ಮಾಡುವ ಬಗೆಯನ್ನೂ ಹೇಳಿಕೊಟ್ಟ ಹಾಗೆ. ಮರುವರ್ಷ ಸ್ಕ್ರಿಟ್ಟಿ ಪೊಲಿಟ್ಟಿ ಎಂಬ ಲಂಡನ್ ತಂಡ ಇನ್ನೂ ಮುಂದೆ ಹೋಗಿ, ರೆಕಾರ್ಡಿಗೆ ತಗುಲಿದ ಖರ್ಚಿನ ಪೂರ್ತಿ ಲೆಕ್ಕವನ್ನೇ ಕವರಿನ ಮೇಲೆ ಅಚ್ಚು ಹಾಕಿತು. ಗ್ರಾಮಸಭೆಯಲ್ಲಿ ಲೆಕ್ಕ ಕೇಳಿ ಅಭ್ಯಾಸವಿರುವ ನಮಗೆ ಇದು ಬಹಳ ಹಿಡಿಸಿತು!

ಪಂಕ್ ಆರ್ಭಟದ ಬೆನ್ನಿಗೆ ಬಂದು ಬೇರೆ ದಾರಿ ಹಿಡಿದ ಈ ಸಂಗೀತವನ್ನು ಪೋಸ್ಟ್-ಪಂಕ್ ಎನ್ನುತ್ತಾರೆ. ಕೊಂಚ ಹಗುರಾಗಿ, ಕುಣಿಯುವಂತೆ ಇದ್ದರೆ ನ್ಯೂ ವೇವ್. ಈ ಹೆಸರು ಫ್ರೆಂಚ್ ಸಿನಿಮಾದಿಂದ ಬಂದದ್ದು. ನಾವು 'ಹೊಸ ಅಲೆಯ ಚಿತ್ರ' ಎನ್ನುವುದೂ ಅಲ್ಲಿಂದಲೇ. ನ್ಯೂಯಾರ್ಕ್‌ನ ಟಾಕಿಂಗ್ ಹೆಡ್ಸ್, ಲೀಡ್ಸ್‌ನ ಗ್ಯಾಂಗ್ ಆಫ್ ಫೋರ್, ಹೆಣ್ಣುಮಕ್ಕಳೇ ಕಟ್ಟಿದ ದಿ ರೇನ್‌ಕೋಟ್ಸ್ ಹೀಗೆ ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ನಾವು ಮ್ಯಾಂಚೆಸ್ಟರ್‌ಗೇ ಮರಳುತ್ತೇವೆ.

ಭಜನಾ ಮೇಳದಲ್ಲಿ ಹಾರ್ಮೋನಿಯಂ ರಾಗ ಹಿಡಿದರೆ ತಬಲಾ, ತಾಳ ಲಯ ಕಾಯುತ್ತವೆ. ರಾಕ್ ತಂಡದಲ್ಲೂ ಗಿಟಾರ್ ಮುಂದೆ, ಬೇಸ್ ಹಿಂದೆ. ಜಾಯ್ ಡಿವಿಷನ್‌ನಲ್ಲಿ ಇದು ತಿರುಗುಮುರುಗು. ಸಮ್ನರ್‌ನ ಗಿಟಾರ್ ಸದ್ದಿನಲ್ಲಿ ಹುಕ್‌ಗೆ ತನ್ನ ಬೇಸ್ ಕೇಳಿಸುತ್ತಿರಲಿಲ್ಲ. ಕೇಳಿಸಲೆಂದು ಮೇಲಿನ ಸ್ವರಗಳಲ್ಲಿ ನುಡಿಸತೊಡಗಿದ. ಹಾಡುಗಾರ ಇಯಾನ್ ಕರ್ಟಿಸ್‌ಗೆ ಅದೇ ಇಷ್ಟವಾಯಿತು. ಹೀಗೆ ರಾಗ ಬೇಸ್‌ನ ಪಾಲಾಯಿತು. ಆಲ್ಬಮ್ ರೂಪಿಸಿದ ಮಾರ್ಟಿನ್ ಹ್ಯಾನೆಟ್ ಡ್ರಮ್ಮಿನ ಒಂದೊಂದು ಭಾಗವನ್ನೂ ಬೇರೆ ಬೇರೆಯಾಗಿ ಬಾರಿಸಲು ಹೇಳಿದ. ಹಾಗಾಗಿ ಪ್ರತಿ ಪೆಟ್ಟಿನ ಸುತ್ತ ಖಾಲಿ ಜಾಗ. ರಾತ್ರಿ ಖಾಲಿ ಗೋದಾಮಿನೊಳಗೆ ನಿಂತು ಕೇಳಿದಂತಿರುತ್ತದೆ. ಇದನ್ನು ಹೊರತಂದ ಫ್ಯಾಕ್ಟರಿ ರೆಕಾರ್ಡ್ಸ್ ಕಟ್ಟಿದವರಲ್ಲಿ ಪ್ರಮುಖ, ಟೋನಿ ವಿಲ್ಸನ್, ಸ್ಥಳೀಯ ಟಿವಿಯ ಪತ್ರಕರ್ತ. ನಮ್ಮ ಕಸುಬಿನವನು ಎಂಬ ಹೆಮ್ಮೆ ನಮಗೆ.

ಇಯಾನ್ ಕರ್ಟಿಸ್ ಸರ್ಕಾರಿ ಉದ್ಯೋಗ ಕಚೇರಿಯಲ್ಲಿದ್ದ. ಅಂಗವಿಕಲರಿಗೆ ಕೆಲಸ ಹುಡುಕಿಕೊಡುವುದು ಅವನ ಜವಾಬ್ದಾರಿ. ಅಲ್ಲಿಗೆ ಬರುತ್ತಿದ್ದ, ಮೂರ್ಛೆರೋಗವಿದ್ದ ಹುಡುಗಿಯೊಬ್ಬಳು ತೀರಿಕೊಂಡಾಗ 'ಶೀಸ್ ಲಾಸ್ಟ್ ಕಂಟ್ರೋಲ್' ಹಾಡು ಬರೆದ. ಆಮೇಲೆ ಅದೇ ರೋಗ ಅವನಿಗೇ ಇದೆ ಎಂದು ಗೊತ್ತಾಯಿತು. ವೇದಿಕೆಯ ಮೇಲೂ ಫಿಟ್ಸ್ ಬರುತ್ತಿತ್ತು. ಜನ ಅದನ್ನು ಕುಣಿತದ ಭಾಗ ಎಂದುಕೊಂಡದ್ದೂ ಉಂಟು. 1980ರ ಮೇ 18ರಂದು, ತಂಡ ಅಮೆರಿಕಕ್ಕೆ ಹೊರಡಬೇಕಿದ್ದ ಹೊತ್ತಿನಲ್ಲಿ, ಅವನು ತನ್ನ ಜೀವ ತಾನೇ ಕಳೆದುಕೊಂಡ. ವಯಸ್ಸು 23. ಅವನು ಬರೆದದ್ದು ತನ್ನ ಬಗ್ಗೆಯೇ ಎಂದು ಆಗ ಗಮನಿಸಲಿಲ್ಲ, ಬೇರೆ ಯಾರದೋ ಕಥೆ ಎಂದುಕೊಂಡೆವು ಎಂದು ಜೊತೆಗಾರರು ಮುಂದೆ ಹೇಳಿಕೊಂಡಿದ್ದಾರೆ. ದಿನಾ ಜೊತೆಯಲ್ಲಿದ್ದವರ ಮಾತಿದು. ಇದನ್ನು ಓದಿದ ದಿನ ನಮ್ಮ ಗುಂಪಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. (ಮನಸ್ಸು ತೀರಾ ಕುಗ್ಗಿದಾಗ ಮಾತಾಡಲು ಟೆಲಿ ಮಾನಸ್ ಇದೆ, ಸಂಖ್ಯೆ 14416. ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡು ಬೇಡ.)

ಉಳಿದ ಮೂವರು ನ್ಯೂ ಆರ್ಡರ್ ಎಂಬ ಹೊಸ ಹೆಸರಿನಲ್ಲಿ ಮುಂದುವರಿದರು. ಹಳೆಯ ಹೆಸರನ್ನು ಮತ್ತೆ ಇಟ್ಟುಕೊಳ್ಳಲಿಲ್ಲ. ಲೆಕ್ಕಪತ್ರದಲ್ಲಿ ಎಂದೂ ಗಟ್ಟಿಯಿಲ್ಲದ ಫ್ಯಾಕ್ಟರಿ 1992ರಲ್ಲಿ ದಿವಾಳಿಯಾಯಿತು.

ಕೇಳುವುದಾದರೆ 'ಅನ್‌ನೋನ್ ಪ್ಲೆಷರ್ಸ್'ನ ಮೊದಲ ಹಾಡು 'ಡಿಸಾರ್ಡರ್'ನಿಂದ ಶುರು ಮಾಡಿ. ಮೊಬೈಲ್ ಸ್ಪೀಕರಿನಲ್ಲಿ ಮಾತ್ರ ಬೇಡ, ಬೇಸ್ ಕೇಳಿಸುವುದೇ ಇಲ್ಲ. ಯಾರದ್ದಾದರೂ ಇಯರ್‌ಫೋನ್ ಇಸಿದುಕೊಳ್ಳಿ.