ದುರ್ಗದ ‘ನಾಗರಹಾವು’ ಹರಿದ ದಾರಿ

ಚಿತ್ರದುರ್ಗದ ಕೋಟೆ ಹತ್ತಿದವರು ಮದಕರಿನಾಯಕನ ಜೊತೆಗೆ ರಾಮಾಚಾರಿಯನ್ನೂ ನೆನೆಯುತ್ತಾರೆ. ಒಬ್ಬ ಇತಿಹಾಸದವನು, ಇನ್ನೊಬ್ಬ ತ.ರಾ.ಸು. ಅವರ ಕಾದಂಬರಿಯವನು.

ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಹೆಣೆದು ಒಂದೇ ಚಿತ್ರ ಮಾಡಿದರು. ಜನ ಮೆಚ್ಚಿದರು, ಲೇಖಕರು ಮೆಚ್ಚಲಿಲ್ಲ. ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದರೆಂದು ಅವರು ನೊಂದುಕೊಂಡದ್ದು ಪ್ರಸಿದ್ಧ. ಮೂರು ಪುಸ್ತಕ ಒಂದು ಚಿತ್ರಕ್ಕಿಳಿದಾಗ ಆ ನೋವು ಸಹಜವೇ. ಆದರೆ ಚಿತ್ರದಲ್ಲಿ ದುರ್ಗದ ಬಂಡೆಗಳೇ ಪಾತ್ರಗಳಾದುವು. ಓಬವ್ವನ ಕಥೆ ಹಾಡಾಗಿ ಬಂದಿತು. ಒನಕೆ ಹಿಡಿದ ಜಯಂತಿಯವರೇ ಮನೆಮನೆಗೆ ಓಬವ್ವರಾದರು. ಹೈದರಾಲಿಯ ಸೈನಿಕರು ನುಸುಳಿದ ಆ ಕಿಂಡಿ ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ಈ ಹಾಡಿನಿಂದಲೇ ಕಣ್ಣಿಗೆ ಕಟ್ಟಿತೆಂದರೆ ತಪ್ಪಾಗದು.

1974ರಲ್ಲಿ ತೆಲುಗಿನ ‘ಕೋಡೆನಾಗು’, ತಮಿಳಿನ ‘ರಾಜನಾಗಂ’, ಹಿಂದಿಯ ‘ಜಹರೀಲಾ ಇನ್ಸಾನ್’ ಬಂದುವು. ಹಿಂದಿಯದಕ್ಕೆ ಪುಟ್ಟಣ್ಣನವರದೇ ನಿರ್ದೇಶನ. ರಿಷಿ ಕಪೂರ್ ನಾಯಕ, ಪ್ರಾಣ್ ಮೇಷ್ಟ್ರು. ಆದರೂ ಸೋತಿತು. ಅಶ್ವತ್ಥರ ಚಾಮಯ್ಯ ಮೇಷ್ಟ್ರು ವಿಷ್ಣುವರ್ಧನರ ರಾಮಾಚಾರಿಯನ್ನು ಗದರುವಾಗಿನ ಸಲಿಗೆ ಹಿಂದಿಗೆ ದಾಟಲಿಲ್ಲವೆಂದೇ ನನ್ನೆಣಿಕೆ.

ನೀವೇ ಹೋಲಿಸಿ ನೋಡಿ. ಮೊದಲು ಮಾತ್ರ ಮೂರೂ ಕಾದಂಬರಿ ಓದಿಕೊಳ್ಳಿ. ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ಅಲಮೇಲುವನ್ನು ಬಿಟ್ಟುಕೊಟ್ಟ ಹುಡುಗನ ದುರಂತಕ್ಕೆ ಹೊಣೆ ಯಾರೆಂದು ಪುಸ್ತಕಕ್ಕೂ ಕೇಳಿ, ಚಿತ್ರಕ್ಕೂ ಕೇಳಿ.