ದಾನದ ಔಷಧಿ ಮತ್ತು ಪಾತ್ರಾಪಾತ್ರ ವಿವೇಚನೆ

ಬಡ ದೇಶಗಳ ಆರೋಗ್ಯ ಸಂಸ್ಥೆಗಳಿಗೆ ಔಷಧಿಯನ್ನು ದಾನವಾಗಿ ಕೊಡುವ ಪದ್ಧತಿ ಹಳೆಯದು. ಆದರೆ ದಾನ ಪಡೆಯುವ ಸಂಸ್ಥೆಗೆ ಯಾವ ಅರ್ಹತೆಗಳಿರಬೇಕು ಎಂಬುದನ್ನು ಬರೆದಿಟ್ಟು, ಅರ್ಜಿ ಕರೆದು, ಪರಿಶೀಲಿಸಿ, ಮಂಜೂರು ಮಾಡುವ ಕ್ರಮ ವ್ಯಾಪಕವಾಗಿ ಬೆಳೆದದ್ದು ಇಪ್ಪತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ. ಈ ಬೆಳವಣಿಗೆಯ ಉದ್ದಕ್ಕೂ ಎರಡು ಕಾಳಜಿಗಳು ಎದುರುಬದುರಾಗಿ ನಿಂತಿವೆ. ಸಿದ್ಧತೆಯಿಲ್ಲದ ಕೈಗೆ ಸೇರಿದ ಔಷಧಿ ಹಾಳಾಗುತ್ತದೆ ಅಥವಾ ರೋಗಿಗೆ ಕೆಡುಕು ಮಾಡುತ್ತದೆ ಎಂಬುದು ಒಂದು. ಅರ್ಹತೆಯ ಮಟ್ಟವನ್ನು ಎತ್ತರಿಸಿದಷ್ಟೂ ಔಷಧಿ ಅತ್ಯಗತ್ಯವಾಗಿರುವ ಊರುಗಳೇ ಹೊರಗುಳಿಯುತ್ತವೆ ಎಂಬುದು ಇನ್ನೊಂದು.

ಮೊದಲನೆಯ ಕಾಳಜಿಗೆ ಕಾರಣಗಳು ಸಾಕಷ್ಟಿದ್ದವು. 1988ರಲ್ಲಿ ಆರ್ಮೇನಿಯಾದಲ್ಲಿ ಭೂಕಂಪ ಸಂಭವಿಸಿದಾಗ ಸುಮಾರು 5,000 ಟನ್ ಔಷಧಿ ಮತ್ತು ವೈದ್ಯಕೀಯ ಸಾಮಗ್ರಿ ಹರಿದುಬಂದಿತು; ಬಂದದ್ದೇನು ಎಂದು ತಿಳಿಯುವುದಕ್ಕೇ 50 ಜನ ಆರು ತಿಂಗಳು ದುಡಿಯಬೇಕಾಯಿತು. ಅದರಲ್ಲಿ ಶೇ. 8ರಷ್ಟು ಔಷಧಿಗಳ ಅವಧಿ ಅಲ್ಲಿಗೆ ತಲುಪುವ ಹೊತ್ತಿಗೇ ಮುಗಿದಿತ್ತು, ಶೇ. 4ರಷ್ಟು ಹಿಮದಿಂದ ಕೆಟ್ಟಿದ್ದವು, ಉಳಿದವುಗಳಲ್ಲಿ ಸುಲಭವಾಗಿ ಗುರುತಿಸಬಹುದಾಗಿದ್ದವು ಶೇ. 30 ಮಾತ್ರ. ಮರುವರ್ಷ ಎರಿಟ್ರಿಯಾಕ್ಕೆ ಏಳು ಲಾರಿಗಳಷ್ಟು ಅವಧಿ ಮೀರಿದ ಆಸ್ಪಿರಿನ್ ಬಂದು, ಅದನ್ನು ಸುಟ್ಟು ಮುಗಿಸುವುದಕ್ಕೆ ಆರು ತಿಂಗಳು ಹಿಡಿಯಿತು. ಇಂತಹ ಅನುಭವಗಳ ಫಲವಾಗಿ ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿ ಔಷಧಿ ದಾನದ ಮಾರ್ಗಸೂಚಿಗಳನ್ನು ಪ್ರಕಟಿಸಿ, 1999ರಲ್ಲಿ ಪರಿಷ್ಕರಿಸಿತು. ಪಡೆಯುವವರು ಬಯಸಿದ್ದನ್ನೇ ಕಳುಹಿಸಬೇಕು, ಕೊಡುವ ದೇಶದಲ್ಲಿ ಸಲ್ಲದ ಗುಣಮಟ್ಟದ ಔಷಧಿ ಪಡೆಯುವ ದೇಶದಲ್ಲಿಯೂ ಸಲ್ಲದು, ತಲುಪುವ ಹೊತ್ತಿಗೆ ಕನಿಷ್ಠ ಒಂದು ವರ್ಷದ ಬಳಕೆಯ ಅವಧಿ ಉಳಿದಿರಬೇಕು ಎಂಬ ನಿಯಮಗಳು ಅದರಲ್ಲಿದ್ದವು. ಇವು ಮುಖ್ಯವಾಗಿ ಕೊಡುವವರನ್ನು ಕಟ್ಟಿಹಾಕಿದ ನಿಯಮಗಳು. ಪಡೆಯುವವರ ಅರ್ಹತೆಯ ಪ್ರಶ್ನೆ ಅಷ್ಟರಲ್ಲಾಗಲೇ ಆಫ್ರಿಕಾದ ನದೀತೀರಗಳಲ್ಲಿ ಬೇರೊಂದು ದಾರಿಯಿಂದ ಎದ್ದಿತ್ತು.

ಓಂಕೋಸರ್ಕಿಯಾಸಿಸ್ ಎಂಬ ರೋಗವನ್ನು ಸಾಮಾನ್ಯವಾಗಿ ನದಿಗುರುಡು ಎನ್ನಬಹುದು. ರಭಸವಾಗಿ ಹರಿಯುವ ನೀರಿನಲ್ಲಿ ಹುಟ್ಟುವ ಕಪ್ಪು ನೊಣಗಳು ಕಚ್ಚಿದಾಗ ದೇಹ ಸೇರುವ ಒಂದು ಬಗೆಯ ಹುಳು ಹತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿ ಅಸಂಖ್ಯ ಮರಿಗಳನ್ನು ಹಾಕುತ್ತದೆ. ಆ ಮರಿಗಳು ಚರ್ಮದಲ್ಲಿ ತಡೆಯಲಾರದ ತುರಿಕೆಯನ್ನು ಉಂಟುಮಾಡಿ, ಕಣ್ಣನ್ನು ಹೊಕ್ಕು ಕ್ರಮೇಣ ದೃಷ್ಟಿಯನ್ನೇ ಕಸಿಯುತ್ತವೆ. ಜಪಾನಿನ ಸತೋಶಿ ಓಮುರಾ ಮಣ್ಣಿನಿಂದ ಬೇರ್ಪಡಿಸಿದ ಸೂಕ್ಷ್ಮಜೀವಿಯೊಂದರಿಂದ, ವಿಲಿಯಂ ಕ್ಯಾಂಪ್‌ಬೆಲ್ ಅವರಿದ್ದ ಮರ್ಕ್ ಕಂಪನಿಯ ಪ್ರಯೋಗಾಲಯದಲ್ಲಿ ರೂಪುಗೊಂಡ ಐವರ್‌ಮೆಕ್ಟಿನ್ ಈ ಮರಿಗಳನ್ನು ಕೊಲ್ಲುತ್ತದೆಯೇ ಹೊರತು ಬೆಳೆದ ಹುಳುವನ್ನು ಕೊಲ್ಲುವುದಿಲ್ಲ. ಆದ್ದರಿಂದ ಮಾತ್ರೆಯನ್ನು ವರ್ಷಕ್ಕೊಮ್ಮೆಯಾದರೂ, ಹತ್ತು-ಹದಿನೈದು ವರ್ಷಗಳ ಕಾಲ ನುಂಗಬೇಕು. ಅದನ್ನು ಕೊಳ್ಳುವ ಶಕ್ತಿ ರೋಗಿಗಳಿಗಾಗಲಿ ಅವರ ಸರ್ಕಾರಗಳಿಗಾಗಲಿ ಇಲ್ಲವೆಂಬುದು ಖಚಿತವಾದ ಮೇಲೆ, ರಾಯ್ ವ್ಯಾಗೆಲೋಸ್ ಅವರ ನೇತೃತ್ವದಲ್ಲಿದ್ದ ಮರ್ಕ್ ಕಂಪನಿಯು, ಅಗತ್ಯವಿರುವಷ್ಟು ಔಷಧಿಯನ್ನು ಅಗತ್ಯವಿರುವಷ್ಟು ಕಾಲ ಉಚಿತವಾಗಿ ಕೊಡುವುದಾಗಿ 1987ರ ಅಕ್ಟೋಬರಿನಲ್ಲಿ ಘೋಷಿಸಿತು.

ಘೋಷಣೆಯ ಬೆನ್ನಲ್ಲೇ ಕೊಡುವುದು ಯಾರ ಕೈಗೆ ಎಂಬ ಪ್ರಶ್ನೆ ಎದುರಾಯಿತು. ಅದನ್ನು ಕಂಪನಿಯೇ ತೀರ್ಮಾನಿಸುವುದು ಸರಿಯಲ್ಲವೆಂದು 1988ರಲ್ಲಿ ಸ್ವತಂತ್ರ ತಜ್ಞರ ಸಮಿತಿಯೊಂದು ರಚನೆಯಾಯಿತು; ಸಿಡುಬಿನ ನಿರ್ಮೂಲನೆಯಲ್ಲಿ ಪ್ರಮುಖ ಪಾತ್ರ ವಹಿಸಿದ್ದ ವಿಲಿಯಂ ಫೀಗೆ ಅದರ ಅಧ್ಯಕ್ಷರಾದರು. ಸರ್ಕಾರದ ಆರೋಗ್ಯ ಇಲಾಖೆಗಳು ಮತ್ತು ಸ್ವಯಂಸೇವಾ ಸಂಸ್ಥೆಗಳು ಈ ಸಮಿತಿಗೆ ಅರ್ಜಿ ಸಲ್ಲಿಸಬೇಕಾಗಿತ್ತು. ತಮ್ಮ ಪ್ರದೇಶದಲ್ಲಿ ರೋಗವಿದೆಯೆಂಬುದಕ್ಕೆ ಆಧಾರ, ಆಯಾ ದೇಶದ ಸರ್ಕಾರದ ಒಪ್ಪಿಗೆ, ಹಂಚಿಕೆಯ ಯೋಜನೆ, ಅಡ್ಡಪರಿಣಾಮ ಕಂಡುಬಂದರೆ ನೋಡಿಕೊಳ್ಳುವ ಏರ್ಪಾಡು, ನುಂಗಿಸಿದ ಮಾತ್ರೆಗಳ ಲೆಕ್ಕ, ಔಷಧಿ ಮಾರುಕಟ್ಟೆಗೆ ಸೋರಿಹೋಗದಂತೆ ಕಾವಲು, ಇವೆಲ್ಲವೂ ಪರಿಶೀಲನೆಗೆ ಒಳಗಾಗುತ್ತಿದ್ದವು. ಗರ್ಭಿಣಿಯರಿಗೆ, ಎಳೆಯ ಮಕ್ಕಳಿಗೆ ಮತ್ತು ತೀವ್ರ ಕಾಯಿಲೆಯಿಂದ ನರಳುತ್ತಿರುವವರಿಗೆ ಔಷಧಿ ಕೊಡಬಾರದೆಂಬ ನಿಯಮವನ್ನು ಪಾಲಿಸಬಲ್ಲ ಸಿಬ್ಬಂದಿಯೂ ಬೇಕಾಗಿತ್ತು.

ಈ ಷರತ್ತುಗಳನ್ನು ಬರಿಯ ಕಾಗದಪತ್ರದ ಕಾಟವೆಂದು ತಳ್ಳಿಹಾಕುವಂತಿಲ್ಲ. ಲೋವಾ ಲೋವಾ ಎಂಬ ಇನ್ನೊಂದು ಹುಳು ರಕ್ತದಲ್ಲಿ ವಿಪರೀತ ಸಂಖ್ಯೆಯಲ್ಲಿರುವವರಿಗೆ ಐವರ್‌ಮೆಕ್ಟಿನ್ ಕೊಟ್ಟರೆ ಮಿದುಳಿಗೆ ಗಂಭೀರ ಹಾನಿಯಾಗಬಹುದೆಂಬುದು ಕ್ಯಾಮರೂನಿನಲ್ಲಿ ಕಂಡುಬಂದಾಗ, ಎರಡೂ ಹುಳುಗಳಿರುವ ಪ್ರದೇಶಗಳಿಗೆ ಹೆಚ್ಚಿನ ನಿಗಾ ಮತ್ತು ಚಿಕಿತ್ಸೆಯ ಸಿದ್ಧತೆಯನ್ನು ಕಡ್ಡಾಯ ಮಾಡಬೇಕಾಯಿತು. ಆದರೂ ಎರಡನೆಯ ಕಾಳಜಿ ಉಳಿದೇ ಇತ್ತು. ವೈದ್ಯರಾಗಲಿ ರಸ್ತೆಯಾಗಲಿ ಇಲ್ಲದ ಕಡೆಗಳಲ್ಲೇ ನದಿಗುರುಡು ಹೆಚ್ಚಾಗಿತ್ತು. ಅಲ್ಲಿಗೆ ವಾಹನಗಳಲ್ಲಿ ಸಂಚಾರಿ ತಂಡಗಳನ್ನು ಕಳುಹಿಸುವ ಮೊದಲಿನ ಪದ್ಧತಿ ದುಬಾರಿಯಾಗಿತ್ತು, ವರ್ಷಾನುಗಟ್ಟಲೆ ನಡೆಸಿಕೊಂಡು ಹೋಗುವಂಥದ್ದೂ ಆಗಿರಲಿಲ್ಲ.

ಇದಕ್ಕೆ ಪರಿಹಾರ ದೊರೆತದ್ದು ಅರ್ಹ ಸಂಸ್ಥೆ ಎಂಬ ಕಲ್ಪನೆಯನ್ನೇ ಹಿಗ್ಗಿಸಿದಾಗ. 1995ರಲ್ಲಿ ಆರಂಭವಾದ ಓಂಕೋಸರ್ಕಿಯಾಸಿಸ್ ನಿಯಂತ್ರಣದ ಆಫ್ರಿಕಾ ಕಾರ್ಯಕ್ರಮವು, ಹಂಚಿಕೆಯ ಹೊಣೆಯನ್ನು ಊರಿನವರಿಗೇ ಒಪ್ಪಿಸುವ ವಿಧಾನವನ್ನು ಅಳವಡಿಸಿಕೊಂಡಿತು. ಯಾವಾಗ ಹಂಚಬೇಕು, ಎಲ್ಲಿ ಹಂಚಬೇಕು, ಯಾರು ಹಂಚಬೇಕು ಎಂಬುದನ್ನು ಊರಿನವರು ಸೇರಿ ನಿರ್ಧರಿಸಿ ತಮ್ಮವರನ್ನೇ ಆರಿಸುತ್ತಿದ್ದರು. ಆರೋಗ್ಯ ಇಲಾಖೆಯ ಸಿಬ್ಬಂದಿ ಅವರಿಗೆ ತರಬೇತಿ ಕೊಟ್ಟು ಮೇಲ್ವಿಚಾರಣೆ ಮಾಡುತ್ತಿದ್ದರು. ತೂಕದ ಯಂತ್ರವಿಲ್ಲದ ಕಡೆ, ಗುರುತು ಹಾಕಿದ ಕೋಲಿನ ಪಕ್ಕದಲ್ಲಿ ವ್ಯಕ್ತಿಯನ್ನು ನಿಲ್ಲಿಸಿ, ಎತ್ತರದ ಆಧಾರದಿಂದಲೇ ಎಷ್ಟು ಮಾತ್ರೆ ಕೊಡಬೇಕೆಂದು ತಿಳಿಯುವ ಉಪಾಯ ಬಳಕೆಗೆ ಬಂದಿತು. ರೋಗಿಯ ರಕ್ಷಣೆಯ ನಿಯಮಗಳನ್ನು ಕೈಬಿಡಲಿಲ್ಲ. ಅವನ್ನು ಪಾಲಿಸುವ ಸಾಮರ್ಥ್ಯವನ್ನು ಬಡ ಊರುಗಳಲ್ಲಿಯೇ ಬೆಳೆಸಲಾಯಿತು.

ಎಲ್ಲ ರೋಗಗಳಿಗೂ ಈ ದಾರಿ ಒಗ್ಗುವಂಥದ್ದಲ್ಲ. ಫೈಜರ್ ಕಂಪನಿ 2000ದ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡು, ಏಡ್ಸ್ ರೋಗಿಗಳನ್ನು ಕಾಡುವ ಶಿಲೀಂಧ್ರ ಸೋಂಕುಗಳಿಗೆ ಬೇಕಾದ ಫ್ಲುಕೋನಜೋಲ್ ಔಷಧಿಯನ್ನು ಉಚಿತವಾಗಿ ಕೊಡಲು ಮುಂದಾಯಿತು. ಇದರ ಹಿಂದೆ ಅಲ್ಲಿನ ರೋಗಿಪರ ಸಂಘಟನೆಯಾದ ಟ್ರೀಟ್‌ಮೆಂಟ್ ಆಕ್ಷನ್ ಕ್ಯಾಂಪೇನ್‌ನ ಒತ್ತಡವಿತ್ತು. ಮುಂದಿನ ವರ್ಷ ಈ ಕೊಡುಗೆ ಅತ್ಯಂತ ಹಿಂದುಳಿದ ಇತರ ದೇಶಗಳಿಗೂ ವಿಸ್ತರಿಸಿತು. ಆದರೆ ಕ್ರಿಪ್ಟೊಕಾಕಲ್ ಮೆನಿಂಜೈಟಿಸ್ ಎಂಬ ಮಿದುಳು ಪೊರೆಯ ಸೋಂಕನ್ನು ಖಚಿತಪಡಿಸಲು ಬೆನ್ನಿನಿಂದ ದ್ರವ ತೆಗೆದು ಪರೀಕ್ಷಿಸಬಲ್ಲ ವೈದ್ಯರೂ ಪ್ರಯೋಗಾಲಯವೂ ಬೇಕು. ರಕ್ತದ ಕ್ಯಾನ್ಸರಿನ ಒಂದು ಬಗೆಗೆ ನೊವಾರ್ಟಿಸ್ ಕಂಪನಿ 2002ರಿಂದ ಮ್ಯಾಕ್ಸ್ ಫೌಂಡೇಶನ್ ಮೂಲಕ ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ಕೊಡುತ್ತ ಬಂದ ಇಮ್ಯಾಟಿನಿಬ್ ಮಾತ್ರೆಗೂ ವರ್ಣತಂತುವಿನ ದೋಷವನ್ನು ತೋರಿಸುವ ಪರೀಕ್ಷೆಯ ಫಲಿತಾಂಶ ಅಗತ್ಯ. ಇಲ್ಲಿ ಔಷಧಿ ಉಚಿತವಾದರೂ ಅದನ್ನು ಪಡೆಯುವ ದಾರಿ ಪರೀಕ್ಷೆಯ ಮೂಲಕವೇ ಹಾಯುವುದರಿಂದ, ಪ್ರಯೋಗಾಲಯವಿಲ್ಲದ ಜಿಲ್ಲೆಯ ರೋಗಿ ದೂರದ ನಗರಕ್ಕೆ ಹೋಗಲಾರದೆ ದಾನದ ಆಚೆಗೇ ಉಳಿಯುವ ಸಂಭವವಿದೆ.

ಈ ಚರಿತ್ರೆಗೆ ಕರ್ನಾಟಕದ ನಂಟೂ ಇದೆ. ಆನೆಕಾಲು ರೋಗಕ್ಕೆ ಐವರ್‌ಮೆಕ್ಟಿನ್, ಡಿಇಸಿ ಮತ್ತು ಆಲ್ಬೆಂಡಜೋಲ್ ಎಂಬ ಮೂರು ಔಷಧಿಗಳನ್ನು ಒಟ್ಟಿಗೆ ಕೊಡುವುದು ಸುರಕ್ಷಿತವೇ ಎಂದು ಐದು ದೇಶಗಳಲ್ಲಿ ನಡೆದ ಅಧ್ಯಯನದಲ್ಲಿ ಭಾರತದ ಪಾಲಿನ ಕೆಲಸ ನಡೆದದ್ದು ಯಾದಗಿರಿ ಜಿಲ್ಲೆಯಲ್ಲಿ. ಅಲ್ಲಿನ ಗ್ರಾಮಸ್ಥರು ಮಾತ್ರೆ ನುಂಗಿ, ಅಡ್ಡಪರಿಣಾಮಗಳ ವಿಚಾರಣೆಗೆ ಸಹಕರಿಸಿದ್ದರಿಂದ ದೊರೆತ ಮಾಹಿತಿ, ಜಗತ್ತಿನ ಇತರ ಕಡೆಗಳಲ್ಲಿ ಈ ಔಷಧಿಗಳನ್ನು ಹಂಚುವುದಕ್ಕೂ ಆಧಾರವಾಯಿತು.

ನದಿಗುರುಡಿನ ಹರಡುವಿಕೆ ನಿಂತಿತೆಂದು 2013ರಲ್ಲಿ ಕೊಲಂಬಿಯಾ, ಆಫ್ರಿಕಾದ ದೇಶಗಳಲ್ಲಿ ಮೊದಲನೆಯದಾಗಿ 2025ರಲ್ಲಿ ನೈಜರ್ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದವು. ಈ ಸಾಧನೆ ಮಾತ್ರೆಯೊಂದರಿಂದಲೇ ಆದದ್ದಲ್ಲ. ಮಾತ್ರೆಯ ಜೊತೆಗೆ ತರಬೇತಿ, ಮೇಲ್ವಿಚಾರಣೆ ಮತ್ತು ಸಾಗಣೆಗೂ ದಶಕಗಳ ಕಾಲ ಹಣ ಒದಗಿದ್ದರಿಂದ ಆದದ್ದು. ಅರ್ಹತೆಯ ಷರತ್ತು ರೋಗಿಯ ರಕ್ಷಣೆಗಾಗಿ ಇರುವುದರಿಂದ ಅದನ್ನು ಕೈಬಿಡುವುದು ಸಲ್ಲ. ಆದರೆ ಷರತ್ತು ವಿಧಿಸುವವರು, ಅದನ್ನು ಪೂರೈಸಲಾರದ ಆಸ್ಪತ್ರೆಯ ಅರ್ಜಿಯನ್ನು ತಿರಸ್ಕರಿಸಿ ಸುಮ್ಮನಾಗದೆ, ಆ ಆಸ್ಪತ್ರೆ ಅರ್ಹವಾಗುವುದಕ್ಕೆ ಬೇಕಾದ ವೆಚ್ಚವನ್ನೂ ದಾನದ ಭಾಗವೆಂದೇ ಎಣಿಸಬೇಕು.