ಅಜ್ಜನ ಕರಿ ಕಂಬಳಿ

ಮೊನ್ನೆ ಆಫೀಸಿನ ಗೆಳೆಯನೊಬ್ಬ ಮೊರಾಕ್ಕೋದ ಬರ್ಬರ್ ರಗ್ಗೊಂದರ ಫೋಟೋ ತೋರಿಸಿದ. ಅಟ್ಲಾಸ್ ಬೆಟ್ಟಗಳ ಬೆನಿ ಔರೈನ್ ಬುಡಕಟ್ಟಿನವರು ನೇಯ್ದಿದ್ದು. ಕೆನೆ ಬಣ್ಣದ ಉಣ್ಣೆ, ಮೇಲೆ ಕರಿ ಗೆರೆ. "ಬಣ್ಣಾನೇ ಹಾಕಲ್ಲ ಗುರು, ಕುರಿ ಬಣ್ಣಾನೇ ಬಣ್ಣ" ಅಂದ. ನನಗೆ ನಗು ಬಂತು. ಚಳ್ಳಕೆರೆಯವನಿಗೆ ಇದನ್ನು ಹೇಳಬೇಕಾ? ನಮ್ಮಜ್ಜನ ಹೆಗಲ ಮೇಲಿದ್ದ ಕಂಬಳಿಗೂ ಯಾರೂ ಬಣ್ಣ ಹಾಕಿರಲಿಲ್ಲ.

ನಮ್ಮ ಕಡೆಯ ದಖನಿ ಕುರಿಯ ಉಣ್ಣೆ ಹುಟ್ಟಾ ಕರಿ. ವರ್ಷಕ್ಕೆರಡು ಸಲ ಕತ್ತರಿಸುತ್ತಾರೆ. ಹೆಂಗಸರು ರಾಟೆಯಲ್ಲಿ ನೂಲು ತೆಗೆಯುತ್ತಾರೆ. ಹುಣಸೆ ಬೀಜ ಕುಟ್ಟಿ, ಬೇಯಿಸಿ ಮಾಡಿದ ಗಂಜಿಯನ್ನು ಹಾಸಿನ ನೂಲಿಗೆ ಬಳಿದು ಒಣಗಿಸಿ, ಆಮೇಲೆ ಗುಂಡಿ ಮಗ್ಗಕ್ಕೆ ಏರಿಸುತ್ತಾರೆ. ಕಂಬಳಿ ಬಿರುಸಾಗಿರುವುದು ಅದಕ್ಕೇ. ಮಳೆ ಬಂದರೆ ಕೊಪ್ಪೆ, ರಾತ್ರಿ ಹಾಸಿಗೆ, ದೇವರ ಕಾರ್ಯಕ್ಕೆ ಗದ್ದಿಗೆ. ಕಂಬಳಿಗೆ ಮೈಲಿಗೆ ಇಲ್ಲ ಅನ್ನುತ್ತಿದ್ದಳು ಅಜ್ಜಿ. ಪಕ್ಕದ ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಬಣ್ಣ ಬೇಕು, ಜರಿ ಬೇಕು. ಕುರುಬರ ಕಂಬಳಿಗೆ ಕುರಿಯೊಂದಿದ್ದರೆ ಸಾಕು.

ಕುರಿಗೆ ಮಾತ್ರ ಹುಲ್ಲು ಬೇಕಲ್ಲ! ಅಲ್ಲೇ ಇರುವುದು ಕತೆ. ಚಿಕ್ಕದೇವರಾಜ ಒಡೆಯರ (1673-1704) ಕಾಲದಲ್ಲಿ ಅರಮನೆಯ ದನಗಳಿಗಾಗಿ 'ಬೆಣ್ಣೆ ಚಾವಡಿ' ಇತ್ತು. ಟಿಪ್ಪು ಅದಕ್ಕೆ ಅಮೃತ್ ಮಹಲ್ ಅಂತ ಹೆಸರಿಟ್ಟ. ಆ ದನಗಳಿಗೆ ಬಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ದನ ಸರ್ಕಾರದ್ದಾದರೂ ಸುತ್ತಲಿನ ಹಳ್ಳಿಗಳ ಕುರಿಗಳೂ ಅಲ್ಲೇ ಮೇಯುತ್ತಿದ್ದವು. ನೂಲಿನ ಎಳೆ ಹಿಡಿದು ಹಿಂದಕ್ಕೆ ಹೋದರೆ ಸಿಗುವುದು ಈ ಹುಲ್ಲೇ.

2008ರ ನಂತರದ ಕೆಲವೇ ವರ್ಷಗಳಲ್ಲಿ ಚಳ್ಳಕೆರೆ ತಾಲ್ಲೂಕಿನ ಕಾವಲುಗಳ ಸಾವಿರಾರು ಎಕರೆ ಡಿ.ಆರ್.ಡಿ.ಒ., ಇಸ್ರೋ, ಐಐಎಸ್‌ಸಿ, ಬಾರ್ಕ್‌ಗಳಿಗೆ ಹೋಯಿತು. ಗೋಡೆ ಎದ್ದಿತು. ಊರವರು ಪ್ರತಿಭಟಿಸಿದರು, ವಿಷಯ ಹಸಿರು ನ್ಯಾಯಮಂಡಳಿಗೂ ಹೋಯಿತು. 2017ರ ಮೇ ತಿಂಗಳಲ್ಲಿ ಡಿ.ಆರ್.ಡಿ.ಒ.ದ ವಿಮಾನ ಪರೀಕ್ಷಾ ನೆಲೆ ಉದ್ಘಾಟನೆಯಾಯಿತು. ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋದವರು ಚಂದ್ರನ ಮೇಲಿರುವಂಥ ಕುಳಿಗಳನ್ನೇ ತೋಡಿ ಚಂದ್ರಯಾನ ಲ್ಯಾಂಡರಿನ ಸೆನ್ಸರ್‌ಗಳನ್ನು ಪರೀಕ್ಷಿಸಿದರು.

2023ರ ಆಗಸ್ಟ್ 23ರಂದು ಲ್ಯಾಂಡರ್ ಇಳಿದಾಗ ನಾನೂ ಆಫೀಸಿನಲ್ಲಿ ಎದ್ದು ನಿಂತು ಚಪ್ಪಾಳೆ ಹೊಡೆದವನೇ. ಇಂಜಿನಿಯರ್ ನೋಡಿ, ಹೆಮ್ಮೆ ಆಗದೇ ಇರುತ್ತಾ? ಅದೇ ರಾತ್ರಿ ಅಮ್ಮ ಫೋನಿನಲ್ಲಿ, ನಮ್ಮ ಓಣಿಯ ಕೊನೆಯ ಮಗ್ಗವೂ ನಿಂತಿತು ಅಂದಳು. ಗೋಡೆಯೊಂದೇ ಕಾರಣ ಅಂದರೆ ಸುಳ್ಳಾಗುತ್ತದೆ. ಮಿಲ್ಲಿನ ರಗ್ಗು ಅಗ್ಗ, ಕುರಿ ಸಾಕುವುದು ಈಗ ಮಾಂಸಕ್ಕೆ, ಉಣ್ಣೆಗೆ ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ. ಆದರೆ ಮೇವಿಲ್ಲದೆ ಕುರಿ ಮಾರಿದವರೂ ಇದ್ದಾರೆ. ಅವರ ಹೆಸರು ಯಾವ ವರದಿಯಲ್ಲಿದೆ?

ಅಜ್ಜನ ಕಂಬಳಿ ಈಗ ನನ್ನ ಬೆಂಗಳೂರಿನ ರೂಮಿನಲ್ಲಿದೆ. ಚುಚ್ಚುತ್ತದೆ. ಆದರೂ ಹೊದ್ದುಕೊಳ್ಳುತ್ತೇನೆ. ನಿಮ್ಮ ಮನೆಯ ಅಟ್ಟದಲ್ಲೂ ಒಂದು ಇದ್ದೀತು, ಹುಡುಕಿ ನೋಡಿ. ಯಾರು ನೇಯ್ದಿದ್ದು ಅಂತ ಹಿರಿಯರನ್ನು ಈಗಲೇ ಕೇಳಿ ಬರೆದಿಡಿ. ನಾನು ಅಜ್ಜನನ್ನು ಕೇಳಲಿಲ್ಲ...